ಸಮುದ್ರಜಲದ ತೊಟ್ಟಿಗೆ ಒಣಶಿಲೆಯೇ, ಜೀವಶಿಲೆಯೇ?

ಹೊಲಗದ್ದೆಗಳ ವಿಚಾರವನ್ನೇ ಈ ಪತ್ರಿಕೆಯಲ್ಲಿ ಓದಿ ರೂಢಿಯಾಗಿರತಕ್ಕ ವಾಚಕ ಮಹಾಶಯರಿಗೆ ಮೇಲಣ ತಲೆಬರಹವು ವಿಚಿತ್ರವಾಗಿ ತೋರಬಹುದು. ಆದರೆ ಈಚೆಗೆ ಅನುಕೂಲಸ್ಥರ ಮನೆಗಳಲ್ಲಿ, ಮುಖ್ಯವಾಗಿ ಮಕ್ಕಳು ಪಟ್ಟಣದಲ್ಲಿ ನೆಲಸಿರುವ ಜಮೀನಿನ ಒಡೆಯರ ಮನೆಗಳಲ್ಲಿ, ಸಮುದ್ರದ ಮೀನನ್ನೂ ಹವಳವನ್ನೂ ಗಾಜಿನ ತೊಟ್ಟಿಯಲ್ಲಿ ಸಾಕಬೇಕೆಂಬ ಆಶೆಯು ಕಾಣಬರುತ್ತಿದೆ. ಸಿಹಿನೀರಿನ ತೊಟ್ಟಿಗಿಂತ ಇದಕ್ಕೆ ತಗಲುವ ವೆಚ್ಚವು ಎಷ್ಟೋ ಹೆಚ್ಚು. ಹೀಗಿದ್ದೂ ಮೊದಲನೆಯ ತಿಂಗಳಲ್ಲಿಯೇ ಕೆಟ್ಟುಹೋಗುವ ತೊಟ್ಟಿಗಳು ಬಹಳ. ಹಾಗೆ ಕೆಡುವುದಕ್ಕೆ ಕಾರಣವು ಮೀನಿನಲ್ಲಿರುವುದು ಅಪೂರ್ವ. ಪ್ರಾಯಶಃ ಅದು ತೊಟ್ಟಿಯೊಳಗೆ ಜೋಡಿಸಿದ ಕಲ್ಲಿನಲ್ಲಿಯೂ ಯಜಮಾನನ ಆತುರದಲ್ಲಿಯೂ ಇರುತ್ತದೆ. ಈ ಕಲ್ಲಿನ ಮರ್ಮವು ಗೊಬ್ಬರದ ಗುಂಡಿಯ ಮರ್ಮವನ್ನು ಬಲ್ಲವರಿಗೆ ಹೊಸದಲ್ಲ. ಆದಕಾರಣವೇ ಇದನ್ನು ಇಲ್ಲಿ ಬರೆಯಲು ಧೈರ್ಯಮಾಡಿದೆ.

ಹವಳವೆಂಬುದು ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದು ಸಮುದ್ರದ ನೀರಿನಿಂದ ಸುಣ್ಣವನ್ನು ತೆಗೆದು ತನ್ನ ಸುತ್ತಲೂ ಗೂಡು ಕಟ್ಟಿಕೊಳ್ಳತಕ್ಕ ಒಂದು ಸಣ್ಣ ಪ್ರಾಣಿ. ಪ್ರಾಣಿಗಳು ಸತ್ತಮೇಲೆ ಗೂಡುಗಳು ಉಳಿದು, ಒಂದರ ಮೇಲೊಂದು ಬೆಳೆದು, ಕಾಲಾಂತರದಲ್ಲಿ ದಿಬ್ಬವಾಗುತ್ತವೆ. ಇಂಥ ದಿಬ್ಬದಿಂದ ಅಲೆಯ ಹೊಡೆತಕ್ಕೆ ಮುರಿದು ಬಿದ್ದ, ಅಥವಾ ಮನುಷ್ಯನು ಕಿತ್ತ, ತೂತುತೂತಾದ ಸುಣ್ಣದ ಕಲ್ಲನ್ನು ನೀರು ಆರದಂತೆ ತಂದು ಮಾರುವುದುಂಟು. ಇದರ ರಂಧ್ರಗಳಲ್ಲಿ ಸೂಕ್ಷ್ಮಜೀವಿಗಳೂ, ಸ್ಪಂಜು ಹುಳು ಮುಂತಾದ ಪ್ರಾಣಿಗಳೂ, ಮೈಮೇಲೆ ನೇರಳೆ ಬಣ್ಣದ ಪಾಚಿಯೂ ಬದುಕಿರುವುದರಿಂದ ವರ್ತಕರು ಇದನ್ನು ‘ಲೈವ್ ರಾಕ್’ ಎನ್ನುತ್ತಾರೆ. ನಾವು ಜೀವಶಿಲೆ ಎನ್ನೋಣ. ಅಂಥದೇ ಕಲ್ಲನ್ನು ನೆಲದ ಮೇಲಿನ ಪುರಾತನ ಹವಳದ ನಿಕ್ಷೇಪದಿಂದ ಅಗೆದು ತೆಗೆದಿದ್ದರೆ, ಅಥವಾ ಸುಣ್ಣದ ಹರಳು, ಸಿಮೆಂಟು ಮುಂತಾದವುಗಳಿಂದ ಕೈಯಲ್ಲಿ ಮಾಡಿದ್ದರೆ, ಅದು ಒಣಶಿಲೆ. ಇದರಲ್ಲಿ ಜೀವವಿಲ್ಲ.

ಕಲ್ಲಿಗೂ ಮೀನಿಗೂ ಏನು ಸಂಬಂಧವೆಂದು ಕೇಳಬಹುದು. ಮೀನಿನ ವಿಸರ್ಜನೆಯಿಂದಲೂ ಉಳಿದು ಕೊಳೆತ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. ಸಮುದ್ರದ ನೀರು ಸ್ವಲ್ಪ ಕ್ಷಾರಗುಣವುಳ್ಳದ್ದಾದ್ದರಿಂದ ಅಮೋನಿಯಾದ ಒಂದು ಪಾಲು ಅಲ್ಲಿ ವಿಷರೂಪದಲ್ಲಿಯೇ ನಿಲ್ಲುತ್ತದೆ. ಗೊಬ್ಬರ ಹಾಕಿದ ಹೊಲದಲ್ಲಿಯೂ ಇದೇ ಅಮೋನಿಯಾ ಹುಟ್ಟುತ್ತದಷ್ಟೆ. ಅಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಪೈರು ನೈಟ್ರೇಟನ್ನು ಹೀರಿಕೊಳ್ಳುತ್ತದೆ. ತೊಟ್ಟಿಯಲ್ಲಿ ಈ ಕೆಲಸವನ್ನು ಮಾಡತಕ್ಕವು ಕಲ್ಲಿನ ರಂಧ್ರಗಳಲ್ಲಿ ಮನೆಮಾಡಿಕೊಂಡ ಅದೇ ಬಗೆಯ ಜೀವಿಗಳು. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಗಾಳಿ ಸಿಕ್ಕದೆ ನೈಟ್ರೇಟು ಸಾರಜನಕವಾಯುವಾಗಿ ಹಾರಿಹೋಗುವುದನ್ನು ಕೃಷಿಕರು ನಷ್ಟವೆಂದು ಎಣಿಸುತ್ತಾರೆ. ಕಲ್ಲಿನ ಒಳಗಡೆಯ, ಗಾಳಿ ತಲುಪದ ರಂಧ್ರಗಳಲ್ಲಿಯೂ ಇದೇ ಆಗುತ್ತದೆ. ಗದ್ದೆಯ ಯಜಮಾನನಿಗೆ ನಷ್ಟವಾದದ್ದು ತೊಟ್ಟಿಯ ಯಜಮಾನನಿಗೆ ಲಾಭ!

ಇದೆಲ್ಲವೂ ಜೀವಿಗಳ ಕೆಲಸವೆಂಬುದನ್ನು ಮೊದಲು ತೋರಿಸಿಕೊಟ್ಟವರು ಕೃಷಿರಸಾಯನಶಾಸ್ತ್ರಜ್ಞರೇ. ೧೮೭೭ರಲ್ಲಿ ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಒಂದು ಕೊಳವೆಯಲ್ಲಿ ತುಂಬಿ, ಅದರ ಮೂಲಕ ಚರಂಡಿಯ ನೀರನ್ನು ಬಹು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ೨೦ ದಿವಸಗಳವರೆಗೆ ಅಮೋನಿಯಾ ಹಾಗೆಯೇ ಹೊರಬಂದಿತು; ಅನಂತರ ಅದು ನೈಟ್ರೇಟಾಗಲು ಮೊದಲಾಯಿತು. ಕೇವಲ ರಸಾಯನಕ್ರಿಯೆಯಾಗಿದ್ದರೆ ಮೊದಲನೆಯ ದಿನವೇ ಆಗಬೇಕಾಗಿತ್ತು. ೨೦ ದಿವಸ ಏಕೆ ಕಾಯಬೇಕು? ಅವರು ಕ್ಲೋರೊಫಾರಂ ಹೊಗೆಯನ್ನು ಕೊಳವೆಗೆ ಹಾಯಿಸಿದರು, ಕೆಲಸ ನಿಂತಿತು. ಹೊಗೆಯನ್ನು ತೆಗೆದರೂ ಅದು ಪುನಃ ಆರಂಭವಾಗಲಿಲ್ಲ. ಕಡೆಗೆ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಸೇರಿಸಿದಾಗ ಕೊಳವೆಯು ಮತ್ತೆ ಕೆಲಸಕ್ಕೆ ಬಂದಿತು.

ನಮ್ಮ ಪ್ರಶ್ನೆಗೆ ಉತ್ತರವು ಈ ಕೊಳವೆಯಲ್ಲಿಯೇ ಇದೆ. ಮರಳೂ ಸುಣ್ಣಕಲ್ಲೂ ಒಣಗಿದ್ದವು, ನಿರ್ಜೀವವಾಗಿದ್ದವು. ಕಾಲಾವಕಾಶ ಕೊಟ್ಟಾಗ ಅವು ಜೀವಶಿಲೆಯೇ ಆದವು. ಸತ್ತ ಕೊಳವೆಯನ್ನು ಬದುಕಿಸಲು ಒಂದಿಷ್ಟು ಹೆಪ್ಪು ಸಾಕಾಯಿತು. ಮೊಸರು ಬೇಕಾದವನು ಕೊಡಗಟ್ಟಲೆ ಮೊಸರನ್ನು ಹೊತ್ತು ತರುವುದಿಲ್ಲ. ಹಾಲನ್ನು ಇಟ್ಟುಕೊಂಡು ಒಂದು ಚಮಚ ಹೆಪ್ಪನ್ನು ನೆರೆಮನೆಯಿಂದ ತರುತ್ತಾನೆ.

ಹಾಗಾದರೆ ಜೀವಶಿಲೆಗೆ ಇಷ್ಟು ಹೆಸರು ಬಂದದ್ದು ಹೇಗೆ? ಇಂಡೊನೇಷಿಯದ ಜಕಾರ್ತಾ ನಗರದ ಲೀ ಚಿನ್ ಎಂಗ್ ಎಂಬವರು, ಯಂತ್ರದ ಸೋಸುಕಗಳಿಲ್ಲದೆ ಸಮುದ್ರದ ಜೀವಂತ ಕಲ್ಲುಗಳಿಂದಲೂ ಗಾಳಿಯ ಗುಳ್ಳೆಗಳಿಂದಲೂ ಮಾತ್ರವೇ ತೊಟ್ಟಿಯನ್ನು ನಡೆಸಬಹುದೆಂದು ೧೯೬೧ರಲ್ಲಿ ಪ್ರಕಟಿಸಿದರು. ಅವರ ಮನೆಗೆ ಸಮುದ್ರವು ಹತ್ತಿರ. ಬಳಿಕ ಜರ್ಮನಿಯ ಬರ್ಲಿನ್ ನಗರದ ಹವ್ಯಾಸಿಗಳು ಈ ಪದ್ಧತಿಯನ್ನು ಬೆಳೆಸಿದರು. ಬರ್ಲಿನ್ ಪದ್ಧತಿಯೆಂದೇ ಅದಕ್ಕೆ ಹೆಸರಾಯಿತು. ಯೂರೋಪು ಅಮೆರಿಕಗಳಿಂದ ಬೇಡಿಕೆ ಏರಿತು. ಪೆಸಿಫಿಕ್ ಸಾಗರದ ಫಿಜಿ ಮುಂತಾದ ದ್ವೀಪಗಳಿಂದ ಹಡಗು ವಿಮಾನಗಳಲ್ಲಿ ಕಲ್ಲು ಹೊರಟಿತು. ಮೂರು ಬೆರಳಗಲ ಬೆಳೆಯಲು ವರ್ಷಗಳೇ ಹಿಡಿಯುವ ದಿಬ್ಬವನ್ನು ಒಂದು ಹಾರೆಯ ಏಟಿನಿಂದ ತೆಗೆಯುವ ವ್ಯಾಪಾರವು ಎಲ್ಲಿಯವರೆಗೆ ನಡೆದೀತು? ಅಮೆರಿಕದ ಫ್ಲಾರಿಡಾ ತೀರದಾಚೆಯ ಸಂಯುಕ್ತ ಸರ್ಕಾರದ ಸಮುದ್ರದಲ್ಲಿ ೧೯೯೭ರ ಹೊತ್ತಿಗೆ ಇದು ನಿಷಿದ್ಧವಾಯಿತು. ಅಲ್ಲಿನವರು ನೆಲದ ಗಣಿಯ ಕಲ್ಲನ್ನು ಅಪ್ಪಣೆ ಪಡೆದ ಜಾಗದಲ್ಲಿ ಸಮುದ್ರಕ್ಕೆ ಇಳಿಸಿ, ಕೆಲವು ವರ್ಷಗಳ ಅನಂತರ ಜೀವ ತುಂಬಿದ ಮೇಲೆ ಎತ್ತಿ ಮಾರುತ್ತಾರೆ. ಇದು ಬಿತ್ತಿ ಬೆಳೆಯುವ ದಾರಿ; ನನ್ನ ಅಭಿಪ್ರಾಯದಲ್ಲಿ ಜೀವಶಿಲೆಯನ್ನು ಪಡೆಯುವುದಕ್ಕೆ ದೋಷವಿಲ್ಲದ ದಾರಿಯೆಂದರೆ ಇದೊಂದೇ. ಫಿಜಿ ಸರ್ಕಾರವು ೨೦೧೭ರ ಕೊನೆಯಲ್ಲಿ ರಫ್ತನ್ನು ನಿಲ್ಲಿಸಿತು.

ನಮ್ಮ ದೇಶದಲ್ಲಿ ಈ ಮಾತು ಇನ್ನೂ ಬಿಗಿಯಾದದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವನ್ನೂ ಸೇರಿಸಿದೆ. ಎಂದರೆ ಕಾನೂನಿನ ದೃಷ್ಟಿಯಲ್ಲಿ ಹುಲಿಗೂ ಹವಳಕ್ಕೂ ಒಂದೇ ಸ್ಥಾನ. ಅಪರಾಧಕ್ಕೆ ೩ ರಿಂದ ೭ ವರ್ಷಗಳವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟು. ಹೊರದೇಶದಿಂದ ತರಿಸುವುದಾದರೂ ಅಂತರರಾಷ್ಟ್ರೀಯ ಒಪ್ಪಂದದಂತೆ ರಹದಾರಿ ಬೇಕು. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಹಲವು ದಶಕಗಳ ಕಾಲ ಹವಳದ ಕಲ್ಲನ್ನು ಸುಣ್ಣದ ಗೂಡಿಗೂ ಕಟ್ಟಡಕ್ಕೂ ಕಡಿದು ಸಾಗಿಸಿದರು. ಅಲ್ಲಿದ್ದ ೨೧ ದ್ವೀಪಗಳ ಪೈಕಿ ಎರಡು ದ್ವೀಪಗಳು ಈಗ ನೀರಿನ ಮೇಲೆ ಇಲ್ಲ. ಅಲೆಯನ್ನು ತಡೆಯುತ್ತಿದ್ದ ಗೋಡೆ ಹೋದಮೇಲೆ ಮನೆ ನಿಲ್ಲುವುದು ಹೇಗೆ? ಕೆರೆಯ ಏರಿಯ ಕಲ್ಲನ್ನು ಕಿತ್ತು ಹಿತ್ತಿಲ ಗೋಡೆ ಕಟ್ಟಿಕೊಂಡವರ ಕಥೆಯನ್ನು ಗ್ರಾಮದ ಮುಖಂಡರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಉತ್ತರ ಕನ್ನಡದಲ್ಲಿಯೂ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವುಂಟು. ಅಲ್ಲಿಗೆ ಹೋದ ಮಕ್ಕಳು ನೆನಪಿಗೆಂದು ಒಂದು ತುಂಡನ್ನು ತಂದರೂ ಅದು ಅಪರಾಧವೇ. ಹವಳದ ತುಂಡು ಸತ್ತದ್ದಾದರೂ ಕೂಡದು.

ನ್ಯಾಯವಾಗಿ ಹೇಳುವುದಾದರೆ, ಜೀವಶಿಲೆಯ ಗುಣಗಳು ಸುಳ್ಳಲ್ಲ. ಚೆನ್ನಾಗಿ ಬದುಕಿರುವ ಕಲ್ಲನ್ನು ಹಾಕಿದ ತೊಟ್ಟಿಯು ಬೇಗ ನೆಲೆಗೊಳ್ಳುತ್ತದೆ. ಅದರಲ್ಲಿ ಬರುವ ಹುಳು, ಸಿಗಡಿ, ಸ್ಪಂಜುಗಳ ಸಮೂಹವು ಸೀಸೆಯಲ್ಲಿ ದೊರೆಯತಕ್ಕದ್ದಲ್ಲ. ಆದರೆ ಗುಣದ ಜೊತೆಗೆ ಕಳೆಯೂ ಬರುತ್ತದೆ. ಐಪ್ಟೇಸಿಯಾ ಎಂಬ ಗಾಜುಬಣ್ಣದ ಹೂವಿನಂಥ ಪ್ರಾಣಿಯು ಒಮ್ಮೆ ಹೊಕ್ಕರೆ ನಮ್ಮ ಹೊಲದ ಪಾರ್ಥೇನಿಯಂ ಇದ್ದಂತೆ. ಕಿತ್ತಷ್ಟೂ ಚೂರಿನಿಂದ ಚಿಗುರುತ್ತದೆ, ಹವಳವನ್ನು ಕುಟುಕುತ್ತದೆ. ಮೀನನ್ನು ಬಡಿದು ತಿನ್ನುವ ಸಿಗಡಿಯ ಜಾತಿಯೊಂದು ರಂಧ್ರದೊಳಗೆ ಅಡಗಿ ಬರುವುದೂ ಉಂಟು. ಇದಕ್ಕಿಂತ ದೊಡ್ಡ ದೋಷವೆಂದರೆ, ಪ್ರಯಾಣದಲ್ಲಿ ಕಲ್ಲಿನ ಜೀವಿಗಳಲ್ಲಿ ಬಹುಪಾಲು ಸತ್ತು ಕೊಳೆಯುತ್ತವೆ. ಅಂಥ ಕಲ್ಲನ್ನು ಬೇರೆ ಪಾತ್ರೆಯ ಉಪ್ಪುನೀರಿನಲ್ಲಿ ಕೆಲವು ವಾರ ಇಟ್ಟು, ನೀರನ್ನು ಬದಲಾಯಿಸುತ್ತ, ವಾಸನೆ ಹೋಗುವವರೆಗೆ ಪಕ್ವಮಾಡಬೇಕು. ನನ್ನ ಪರಿಚಿತರೊಬ್ಬರು ವರ್ತಕನ ಮಾತನ್ನು ನಂಬಿ, ‘ಜೀವವುಳ್ಳ’ ಕಲ್ಲನ್ನು ಬೆಳಿಗ್ಗೆ ಇಟ್ಟು ಸಂಜೆಯೇ ಮೀನನ್ನು ಬಿಟ್ಟರು. ನಾಲ್ಕನೆಯ ದಿನ ನಾನು ಹೋದಾಗ ಆ ಕೊಠಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಇತ್ತು. ಮೀನು ಒಂದೂ ಉಳಿದಿರಲಿಲ್ಲ. ಅವರು ಕೊಂಡದ್ದು ಜೀವಶಿಲೆಯಲ್ಲ, ಶವಶಿಲೆ.

ಆದಕಾರಣ ಹೊಸದಾಗಿ ತೊಟ್ಟಿ ಹೂಡತಕ್ಕವರು ಒಣಶಿಲೆಯನ್ನೇ, ಅದರಲ್ಲಿಯೂ ಕೈಯಿಂದ ಮಾಡಿದ್ದನ್ನೇ ಆರಿಸುವುದು ಯುಕ್ತ. ನೈಸರ್ಗಿಕವೆಂದು ಹೇಳಿ ಮಾರುವ ಒಣಕಲ್ಲು ಹವಳದ ದಿಬ್ಬದಿಂದ ಕಿತ್ತು ಒಣಗಿಸಿದ್ದೂ ಆಗಿರಬಹುದು. ಮೂಲವನ್ನು ತೋರಿಸುವ ಕಾಗದವಿಲ್ಲದೆ ಕೊಳ್ಳಕೂಡದು. ನಮ್ಮಲ್ಲಿ ಸಿಕ್ಕುವ ಕಲ್ಲು ಆಗದೇ ಎಂದರೆ, ಶಹಾಬಾದಿನ ಕಲ್ಲು ಸುಣ್ಣದ್ದೇ ಆದರೂ ಬಿಗಿಯಾದದ್ದು, ಅದರಲ್ಲಿ ಜೀವಿಗಳಿಗೆ ಮನೆಯಿಲ್ಲ. ಕರಾವಳಿಯ ಜಂಬಿಟ್ಟಿಗೆಯಲ್ಲಿ ರಂಧ್ರವಿದೆ, ಆದರೆ ಕಬ್ಬಿಣದ ಅಂಶ ಬಹಳ. ಎರಡೂ ಬೇಡ. ಹಿಂದೆ ೧೦೦ ಲೀಟರ್ ನೀರಿಗೆ ೧೨ ರಿಂದ ೨೪ ಕಿಲೋಗ್ರಾಂ ಕಲ್ಲು ಬೇಕೆನ್ನುತ್ತಿದ್ದರು. ಹಗುರವಾಗಿ ತೂತು ಹೆಚ್ಚಾಗಿರುವ ಒಣಶಿಲೆಯಾದರೆ ೧೦ ಕಿಲೋಗ್ರಾಂ ಸಾಕು. ಸಿಮೆಂಟಿನದಾದರೆ ಕ್ಷಾರವು ಇಳಿಯುವವರೆಗೆ ವಾರಗಟ್ಟಲೆ ನೀರಿನಲ್ಲಿ ನೆನೆಸಿ ನೀರನ್ನು ಚೆಲ್ಲುತ್ತಿರಬೇಕು. ಅಗೆದು ತೆಗೆದ ಕಲ್ಲಾದರೆ ಅದರಲ್ಲಿ ಫಾಸ್ಫೇಟು ಅಡಗಿರುವುದುಂಟು; ಪೈರಿಗೆ ಅಮೃತವಾದ ಈ ವಸ್ತುವು ತೊಟ್ಟಿಯಲ್ಲಿ ಪಾಚಿಯನ್ನು ಬೆಳೆಸುತ್ತದೆ. ಅದನ್ನೂ ನೆನೆಸಿಯೇ ತೆಗೆಯಬೇಕು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಯೂರಿಯಾ ಸುರಿದ ಹೊಲಗಳ ನಡುವಣ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟು ಮೊದಲೇ ಇರುತ್ತದೆ. ಶೋಧಕಯಂತ್ರದಲ್ಲಿ ಲವಣ ತೆಗೆದ ನೀರನ್ನೇ ಉಪಯೋಗಿಸಬೇಕು. ಅಡಿಗೆಯ ಉಪ್ಪು ಸಾಲದು. ಸುಣ್ಣ ಮೆಗ್ನೀಸಿಯಂಗಳು ಸೇರಿದ ಸಮುದ್ರಲವಣದ ಮಿಶ್ರಣವನ್ನು ಲೀಟರಿಗೆ ಸುಮಾರು ೩೫ ಗ್ರಾಂ ಕರಗಿಸಿ, ನೀರನ್ನು ೨೫ ಅಥವಾ ೨೬ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿಟ್ಟು, ಕಲ್ಲಿನ ಸುತ್ತ ಚೆನ್ನಾಗಿ ಸುತ್ತುವಂತೆ ಮಾಡಬೇಕು. ಅನಂತರ ಮೀನಿಲ್ಲದೆಯೇ ಸೂಕ್ಷ್ಮಜೀವಿಗಳಿಗೆ ಉಣಿಸಬೇಕು: ಶುದ್ಧವಾದ ಅಮೋನಿಯಂ ಕ್ಲೋರೈಡನ್ನು ೧೦೦ ಲೀಟರಿಗೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚಾಗಿ ಹಾಕಿದರೆ ಲೀಟರಿಗೆ ೨ ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಗೊಬ್ಬರದ ಮೂಟೆಗೆ ಕೈ ಹಾಕುವುದು ಬೇಡ. ಹೆಪ್ಪಿಗಾಗಿ ಸೀಸೆಯಲ್ಲಿ ಮಾರುವ ಸೂಕ್ಷ್ಮಜೀವಿಗಳನ್ನೋ, ರೋಗವಿಲ್ಲದ ಹಳೆಯ ಸಮುದ್ರಜಲದ ತೊಟ್ಟಿಯಿಂದ ಒಂದು ಹಿಡಿ ಮರಳನ್ನೋ ಸೋಸುಕದ ಸ್ಪಂಜನ್ನೋ ತಂದು ಸೇರಿಸಬಹುದು. ಕೊಡುವವರ ತೊಟ್ಟಿಯಲ್ಲಿ ಐಪ್ಟೇಸಿಯಾ ಇದೆಯೇ ಎಂದು ಮೊದಲು ಕಣ್ಣಿಟ್ಟು ನೋಡಿರಿ. ಬಿತ್ತನೆಯ ಬೀಜದಲ್ಲಿ ಕಳೆಯ ಬೀಜವನ್ನು ಹುಡುಕುವಂತೆಯೇ ಇದು.

ಪರೀಕ್ಷೆಯ ದ್ರವಗಳನ್ನು ಇಟ್ಟುಕೊಂಡು ದಿನಬಿಟ್ಟು ದಿನ ನೋಡಿದರೆ, ಅಮೋನಿಯಾ ಇಳಿದು ನೈಟ್ರೈಟು ಏರುವುದೂ, ಆಮೇಲೆ ಅದೂ ಇಳಿಯುವುದೂ ಕಾಣುತ್ತದೆ. ಹಾಕಿದ ಅಮೋನಿಯಾವೂ ಅದರಿಂದಾದ ನೈಟ್ರೈಟೂ ೨೪ ಗಂಟೆಗಳೊಳಗೆ ಇಲ್ಲವಾಗುವ ದಿನವೇ ಕಲ್ಲು ಬದುಕಿತೆಂದು ತಿಳಿಯತಕ್ಕದ್ದು. ಇದಕ್ಕೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಹೆಪ್ಪು ಒಳ್ಳೆಯದಾದರೆ ಇನ್ನೂ ಬೇಗ. ಆಗಲೂ ಒಂದೋ ಎರಡೋ ಸಣ್ಣ ಮೀನುಗಳಿಂದ ಆರಂಭಿಸಬೇಕು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ಮರಿಮಾಡಿಸುವ ಕ್ರಮವನ್ನು ಸಾಧಿಸಿದ್ದಾರೆ. ಸಮುದ್ರದಿಂದ ಹಿಡಿದದ್ದಕ್ಕಿಂತ ಹೀಗೆ ಸಾಕಿದ ಮರಿಯು ತೊಟ್ಟಿಗೆ ಬೇಗ ಒಗ್ಗುತ್ತದೆ.

ಬಳಿಕ ಕೆಲವು ತಿಂಗಳು ಬಿಳಿಯ ಕಲ್ಲಿನ ಮೇಲೆ ಕಂದು ಲೋಳೆಯೂ, ಕೆಂಪು ಪೊರೆಯೂ, ಹಸುರು ಕೂದಲಿನಂಥ ಪಾಚಿಯೂ ಒಂದಾದ ಮೇಲೊಂದು ಬರುವುವು. ಒಣಶಿಲೆಯ ತೊಟ್ಟಿಯಲ್ಲಿ ಇದರ ಕಾಟವು ಜೀವಶಿಲೆಯದಕ್ಕಿಂತ ಹೆಚ್ಚೆಂಬುದನ್ನು ಮರೆಮಾಚುವುದಿಲ್ಲ. ಹೊಸದಾಗಿ ಗೋಡು ತೆಗೆದ ಗದ್ದೆಯಲ್ಲಿ ಮೊದಲ ಎರಡು ಬೆಳೆ ಹೇಗಿರುತ್ತದೆಂಬುದನ್ನು ವಾಚಕರು ಬಲ್ಲರು. ಅನೇಕರು ಈ ಹಂತದಲ್ಲಿಯೇ ಔಷಧಿಯ ಸೀಸೆಗಳನ್ನು ಸುರಿದು ಇದ್ದ ಸೂಕ್ಷ್ಮಜೀವಿಗಳನ್ನೂ ಕೊಂದುಕೊಳ್ಳುತ್ತಾರೆ. ದೀಪದ ಹೊತ್ತನ್ನು ಕಡಮೆಮಾಡಿ, ಆಹಾರವನ್ನು ಮಿತಗೊಳಿಸಿ, ಪಾಚಿ ಮೇಯುವ ಬಸವನಹುಳುಗಳನ್ನು ಬಿಟ್ಟು, ವಾರಕ್ಕೊಮ್ಮೆ ನೀರಿನ ಹತ್ತನೆಯ ಒಂದು ಪಾಲನ್ನು ಬದಲಾಯಿಸುತ್ತಿದ್ದರೆ ಸಾಕು. ನೇರಳೆ ಪಾಚಿಯು ಕಲ್ಲಿಗೆ ಹತ್ತಲು ಆರು ತಿಂಗಳಿಂದ ಒಂದು ವರ್ಷವಾಗಬಹುದು. ಹೆಪ್ಪಿನ ಜೊತೆಗೆ ಅದರ ಒಂದು ಚೂರು ಬಂದಿದ್ದರೆ ಮೊದಲು ಗಾಜಿನ ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ; ಗಾಜು ಒರೆಸುವಾಗ ಅದನ್ನು ಕೆರೆದು ಹಾಕದಂತೆ ಮನೆಯ ಆಳುಗಳಿಗೆ ಹೇಳಿಡತಕ್ಕದ್ದು.