ನಲ್ಲಿ ರಿಪೇರಿ: ನಾವೇ ಮಾಡೋಣವೇ, ಪ್ಲಂಬರ್ ಕರೆಯೋಣವೇ?

ಪುಣೆಯಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿರುವ ನಮ್ಮಂಥವರಿಗೆ ಸಣ್ಣ ಕೆಲಸಕ್ಕೆ ಪ್ಲಂಬರ್ ಸಿಗುವುದು ಕಷ್ಟ. ಈ ಭಾನುವಾರ ಬರುತ್ತೇನೆಂದವರು ಬರುವುದು ಮುಂದಿನ ಭಾನುವಾರ. ನಿಮಿಷಕ್ಕೆ 10 ಮಿಲಿಲೀಟರ್ ಸೋರುವ ನಲ್ಲಿಯಿಂದ ದಿನಕ್ಕೆ 14 ಲೀಟರ್ ನೀರು ಪೋಲು. ಟ್ಯಾಂಕರ್ ತರಿಸುವ ಸೊಸೈಟಿಯಲ್ಲಿ ಅದರ ಖರ್ಚು ಎಲ್ಲರ ತಲೆಗೆ.

ಯಾವುದನ್ನು ನಾವೇ ಮಾಡಬಹುದು? ನನ್ನ ಲೆಕ್ಕ ಸರಳ: ವಾಲ್ವ್ ಮುಚ್ಚಿದರೆ ನೀರು ನಿಲ್ಲಬೇಕು, ಸೋರುವ ಜಾಗ ಕಣ್ಣಿಗೆ ಕಾಣಬೇಕು. ಹಳೆಯ ನಲ್ಲಿಯ ವಾಷರ್, ಸಿಂಕ್ ಕೆಳಗಿನ ಬಾಟಲ್ ಟ್ರ್ಯಾಪ್ ಇಂಥವು. ಒಂದು ಸ್ಪ್ಯಾನರ್, ಒಂದು ಸುರುಳಿ ಟೆಫ್ಲಾನ್ ಟೇಪ್ ಸಾಕು. ಥ್ರೆಡ್ ನಿಮ್ಮ ಕಡೆಗಿರುವಂತೆ ಹಿಡಿದು ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

ಗೋಡೆಯೊಳಗಿನ ಪೈಪು, ಬಾತ್‌ರೂಮಿನ ನೆಲ, ಗೀಸರ್‌ಗಳಿಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಎಡವಟ್ಟಾದರೆ ಕೆಳಮನೆಯವರ ಸೀಲಿಂಗೂ ಹೋಯಿತು, ನಮ್ಮ ಡೆಪಾಸಿಟ್ಟೂ ಹೋಯಿತು. ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಮುಚ್ಚಿಬಿಡುವುದಂತೂ ಪ್ರಾಣಕ್ಕೇ ಅಪಾಯ. ಒಳಗಿನ ಒತ್ತಡ ಹೊರಬೀಳುವ ದಾರಿ ಅದು.

ಪ್ಲಂಬರ್ 10 ನಿಮಿಷದಲ್ಲಿ ಮುಗಿಸಿ 500 ರೂಪಾಯಿ ಕೇಳಿದಾಗ ಹೊಟ್ಟೆ ಉರಿಯುತ್ತದೆ. ಒಂದು ಸಾಲಿನ ಕೋಡ್ ತಿದ್ದಿ ಇಡೀ ದಿನದ ಸಂಬಳ ಎಣಿಸುವ ನಾವು ಚೌಕಾಸಿಗಿಳಿಯುವ ಮುನ್ನ ಇದನ್ನೊಮ್ಮೆ ನೆನೆಯಬೇಕು.