ದೀರ್ಘಕಾಲಿಕ ಹೆಪಟೈಟಿಸ್ ಬಿ ರೋಗದ ದೂರಗಾಮಿ ಪರಿಣಾಮಗಳು

ಹೆಪಟೈಟಿಸ್ ಬಿ ವೈರಾಣು ದೇಹದಲ್ಲಿ ಆರು ತಿಂಗಳಿಗೂ ಮೀರಿ ಉಳಿದುಕೊಂಡರೆ ಅದನ್ನು ದೀರ್ಘಕಾಲಿಕ ಹೆಪಟೈಟಿಸ್ ಬಿ ಎನ್ನುತ್ತಾರೆ. ಇದು ಯಕೃತ್ತಿನ ಸೋಂಕು. ಈ ವೈರಾಣುವಿನ ಮೇಲ್ಮೈ ಪ್ರತಿಜನಕವನ್ನು ಕಂಡುಹಿಡಿದ ಅಮೆರಿಕದ ವೈದ್ಯ ಬರೂಕ್ ಬ್ಲೂಮ್‌ಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸೋಂಕು ಯಾವ ವಯಸ್ಸಿನಲ್ಲಿ ತಗುಲಿತೆಂಬುದು ಬಹುಮುಖ್ಯ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ಪಡೆದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಗೆ ಅದು ದೀರ್ಘಕಾಲಿಕವಾಗುತ್ತದೆ. ವಯಸ್ಕರಲ್ಲಿ ಈ ಪ್ರಮಾಣ ಶೇ. 5ಕ್ಕಿಂತ ಕಡಿಮೆ.

ರೋಗದ ಅರಿವು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದಲ್ಲಿ, ನಾಡಿನ ಇತರೆಡೆಗಳಂತೆಯೇ, ಕಣ್ಣು ಹಳದಿಯಾದಾಗ ಅದನ್ನು ಕಾಮಾಲೆ ಎಂದು ಕರೆದು ನಾಟಿ ಔಷಧ ಪಡೆಯುವ ರೂಢಿಯಿದೆ. ಹಳದಿ ಬಣ್ಣ ತಾನಾಗಿಯೇ ಇಳಿದರೂ ರೋಗ ಹೋಯಿತೆಂದೇ ಭಾವಿಸಲಾಗುತ್ತದೆ. ಆದರೆ ದೀರ್ಘಕಾಲಿಕ ಸೋಂಕಿನಲ್ಲಿ ಕಾಮಾಲೆ ಕಾಣಿಸಲೇಬೇಕೆಂದಿಲ್ಲ. ಗರ್ಭಿಣಿಯರ ತಪಾಸಣೆ, ರಕ್ತದಾನ ಅಥವಾ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡುವ ಪರೀಕ್ಷೆಯಲ್ಲಿ ಇದು ಆಕಸ್ಮಿಕವಾಗಿ ಪತ್ತೆಯಾಗುವುದೇ ಹೆಚ್ಚು.

ಚಿಕಿತ್ಸೆಯಿಲ್ಲದಿದ್ದರೆ

ಎಲ್ಲ ಸೋಂಕಿತರ ಯಕೃತ್ತೂ ಹಾಳಾಗುವುದಿಲ್ಲ. ಹಲವರಲ್ಲಿ ವೈರಾಣು ದಶಕಗಳ ಕಾಲ ತಣ್ಣಗಿರುತ್ತದೆ. ಸಕ್ರಿಯ ಉರಿಯೂತವಿದ್ದು ಚಿಕಿತ್ಸೆ ಪಡೆಯದವರಲ್ಲಿ ಐದು ವರ್ಷಗಳೊಳಗೆ ಶೇ. 8ರಿಂದ 20ರಷ್ಟು ಮಂದಿಗೆ ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ಸ್ಥಿತಿ, ಬರುತ್ತದೆ. ಮುಂದೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಪ್ರಜ್ಞೆ ಮಸುಕಾಗುವುದು ಕಾಣಿಸಬಹುದು. ಸಿರೋಸಿಸ್ ಆದವರಲ್ಲಿ ವರ್ಷಕ್ಕೆ ಶೇ. 2ರಿಂದ 5ರಷ್ಟು ಮಂದಿಗೆ ಯಕೃತ್ತಿನ ಕ್ಯಾನ್ಸರ್ ತಗಲುತ್ತದೆ. ಮದ್ಯಪಾನವು ಈ ಹಾದಿಯನ್ನು ಇನ್ನಷ್ಟು ಹತ್ತಿರ ಮಾಡುತ್ತದೆ.

ಚಿಕಿತ್ಸೆಯಿಂದ ಆಗುವ ಬದಲಾವಣೆ

2004ರಲ್ಲಿ ಪ್ರಕಟವಾದ ಏಷ್ಯಾದ ಅಧ್ಯಯನವೊಂದರಲ್ಲಿ, ಯಕೃತ್ತು ಬಹಳಷ್ಟು ಕಲೆಗಟ್ಟಿದ್ದ 651 ರೋಗಿಗಳನ್ನು ಗಮನಿಸಲಾಯಿತು. ಲ್ಯಾಮಿವುಡಿನ್ ಸೇವಿಸಿದವರಲ್ಲಿ ಶೇ. 7.8ರಷ್ಟು ಮಂದಿಗೆ ರೋಗ ಉಲ್ಬಣಿಸಿದರೆ, ಔಷಧ ಸಿಗದವರಲ್ಲಿ ಇದು ಶೇ. 17.7 ಆಗಿತ್ತು. ಲ್ಯಾಮಿವುಡಿನ್‌ಗೆ ವೈರಾಣು ಬೇಗ ಪ್ರತಿರೋಧ ಬೆಳೆಸಿಕೊಳ್ಳುವುದರಿಂದ ಈಗ ಟೆನೊಫೊವಿರ್ ಮತ್ತು ಎಂಟೆಕಾವಿರ್ ಮುಖ್ಯ ಔಷಧಗಳಾಗಿವೆ. 2013ರ ಅಧ್ಯಯನದ ಪ್ರಕಾರ, ಆರಂಭದಲ್ಲಿ ಸಿರೋಸಿಸ್ ಇದ್ದ 96 ರೋಗಿಗಳ ಪೈಕಿ ಶೇ. 74ರಷ್ಟು ಮಂದಿಯಲ್ಲಿ ಐದು ವರ್ಷ ಟೆನೊಫೊವಿರ್ ಸೇವಿಸಿದ ಬಳಿಕ ಅದು ಉಳಿದಿರಲಿಲ್ಲ. ಸಿರೋಸಿಸ್ ಹಿಂದಿರುಗದು ಎಂಬ ಹಳೆಯ ತಿಳಿವಳಿಕೆಯನ್ನು ಇದು ಬದಲಿಸಿತು.

ಆದರೂ ಈ ಗುಳಿಗೆಗಳು ವೈರಾಣುವನ್ನು ಅಡಗಿಸುತ್ತವೆಯೇ ಹೊರತು ಅಳಿಸುವುದಿಲ್ಲ. ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ಅದರ ಡಿಎನ್‌ಎ ಉಳಿದಿರುತ್ತದೆ. ರಕ್ತಪರೀಕ್ಷೆ ಸರಿಬಂತೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಿದರೆ ರೋಗ ಹಠಾತ್ತನೆ ಕೆರಳಿ ಪ್ರಾಣಾಪಾಯವಾಗಬಹುದು. ರಬಕವಿ-ಬನಹಟ್ಟಿಯ ನೇಕಾರನಿಗಾಗಲಿ ಕಬ್ಬು ಕಡಿಯುವ ಕೂಲಿಗಾಗಲಿ ತಪಾಸಣೆಗೆ ಹೋದ ದಿನದ ದುಡಿಮೆ ತಪ್ಪುತ್ತದೆ. ಏನೂ ನೋವಿಲ್ಲದಾಗ ಗುಳಿಗೆ ಬಿಡಲು ಇಷ್ಟು ಕಾರಣ ಸಾಕು.

ಸರ್ಕಾರಿ ವ್ಯವಸ್ಥೆ ಮತ್ತು ತಡೆ

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಶಿಶುಗಳಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ನೀಡಲಾಗುತ್ತದೆ. ಸೋಂಕಿತರ ಮನೆಯವರೂ ಪರೀಕ್ಷೆ ಮಾಡಿಸಿ ಲಸಿಕೆ ಪಡೆಯಬೇಕು. ಜೊತೆಗೆ ಕುಳಿತು ಉಣ್ಣುವುದರಿಂದ ಈ ಸೋಂಕು ಹರಡುವುದಿಲ್ಲ.

ಚಿಕಿತ್ಸೆಯಿಂದ ಕ್ಯಾನ್ಸರ್‌ನ ಅಪಾಯ ತಗ್ಗುತ್ತದೆ, ಪೂರ್ಣ ಹೋಗುವುದಿಲ್ಲ. ಆದಕಾರಣ ಸಿರೋಸಿಸ್ ಇರುವವರು ಗುಳಿಗೆ ಸೇವಿಸುತ್ತಿದ್ದರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕಾಗುತ್ತದೆ.