ತಾಮ್ರಫಲಕದ ಪುರಾಣಚಿತ್ರಗಳು: ಕಲ್ಪಿಸಿದವನೂ ಕೆತ್ತಿದವನೂ

ಕನ್ನಡ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದ ಕವಿಯ ಹೆಸರಿನೊಡನೆ ಅದನ್ನು ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಅನೇಕ ಕಡೆ ಬರುವುದು. ಯುರೋಪಿನಲ್ಲಿ 16ನೆಯ ಶತಮಾನದಲ್ಲಿ ತಾಮ್ರದ ಫಲಕದಲ್ಲಿ ಕೆತ್ತಿ ಕಾಗದದ ಮೇಲೆ ಅಚ್ಚೊತ್ತಿದ ಪುರಾಣಚಿತ್ರಗಳಲ್ಲಿಯೂ ಇಂತಹ ವಾಡಿಕೆಯೊಂದುಂಟು. ಚಿತ್ರದ ಅಡಿಯಲ್ಲಿ ‘ಇನ್ವೆನಿಟ್’ ಎಂಬ ಲ್ಯಾಟಿನ್ ಪದವು ಅದನ್ನು ಕಲ್ಪಿಸಿದವನನ್ನೂ, ‘ಸ್ಕಲ್ಪ್ಸಿಟ್’ ಎಂಬುದು ಕೆತ್ತಿದವನನ್ನೂ ಸೂಚಿಸುವುವು. ಕೀರ್ತಿಯು ಹೆಚ್ಚಾಗಿ ಮೊದಲನೆಯವನಿಗೇ ಸಂದಿದೆ. ಎರಡನೆಯವನ ಪಾಲೆಷ್ಟೆಂಬುದು ಅವನ ಕೆಲಸದ ಕ್ರಮವನ್ನು ಅರಿತಲ್ಲದೆ ತಿಳಿಯದು.

ಮೊದಲು ಫಲಕವನ್ನು ಕನ್ನಡಿಯಂತೆ ಉಜ್ಜಿ ನುಣುಪುಮಾಡಿ, ಅದರ ಮೇಲೆ ಚಿತ್ರದ ರೂಪರೇಖೆಯನ್ನು ಇಳಿಸುವರು. ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗುವುದರಿಂದ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ಕೆತ್ತಬೇಕು. ಇದಕ್ಕೆ ಬಳಸುವುದು ಓರೆಯಾಗಿ ಸಾಣೆ ಹಿಡಿದ ತುದಿಯುಳ್ಳ ಉಕ್ಕಿನ ಸಣ್ಣ ಉಳಿ; ಬ್ಯೂರಿನ್ ಎಂದು ಇದರ ಹೆಸರು. ಇದನ್ನು ಸುತ್ತಿಗೆಯಿಂದ ಹೊಡೆಯುವುದಿಲ್ಲ. ಮರದ ಹಿಡಿಯನ್ನು ಅಂಗೈಗೆ ಆನಿಸಿ ಮುಂದಕ್ಕೆ ನೂಕುವರು. ಬಾಗಿದ ಗೆರೆ ಬೇಕಾದಾಗ ಮೆತ್ತೆಯ ಮೇಲಿಟ್ಟ ಫಲಕವನ್ನೇ ತಿರುಗಿಸುವರು. ಉಳಿ ಆಳಕ್ಕೆ ಇಳಿದಂತೆ ಗೆರೆ ದಪ್ಪವಾಗುವುದು, ಮೇಲೆದ್ದಂತೆ ತೆಳುವಾಗುವುದು. ತಪ್ಪಿದ ಗೆರೆಯನ್ನು ಹೆರೆದು, ಹಿಂಬದಿಯಿಂದ ತಟ್ಟಿ ಸಮಮಾಡಿ, ಮತ್ತೆ ಕೆತ್ತಬೇಕು. ಬಳಿಕ ಗೆರೆಗಳೊಳಗೆ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರಸಿ, ಒದ್ದೆಮಾಡಿದ ಕಾಗದವನ್ನು ಹೊದಿಸಿ, ಉರುಳೆಯ ಯಂತ್ರದಲ್ಲಿ ಒತ್ತುವರು. ಒಂದೊಂದು ಪ್ರತಿಗೂ ಮಸಿ ತುಂಬುವುದು ಮೊದಲಾದುದೆಲ್ಲವೂ ಹೊಸದಾಗಿ ನಡೆಯಬೇಕು. ಒತ್ತಿದಷ್ಟೂ ತಾಮ್ರವು ಸವೆಯುವುದು.

ಈ ಶ್ರಮದಿಂದ ಕಲ್ಪಕನಿಗೆ ಆದ ಉಪಕಾರಕ್ಕೆ ಇಟಲಿಯ ಮಾರ್ಕಂಟೋನಿಯೋ ರೈಮೊಂದಿಯು 1510–20ರ ಅವಧಿಯಲ್ಲಿ ಕೆತ್ತಿದ ‘ಪ್ಯಾರಿಸನ ತೀರ್ಪು’ ಒಳ್ಳೆಯ ನಿದರ್ಶನ. ಮೂವರು ದೇವಿಯರಲ್ಲಿ ಅತ್ಯಂತ ಸುಂದರಿ ಯಾರೆಂದು ಪ್ಯಾರಿಸನು ನಿರ್ಣಯಿಸಿದ ಗ್ರೀಕ್ ಕಥೆಯೇ ಇದರ ವಸ್ತು. ಇದನ್ನು ಕಲ್ಪಿಸಿದವನು ರಾಫೇಲನೆಂದು ಫಲಕವೇ ಹೇಳುವುದು. ಆದರೆ ಇದೇ ರಚನೆಯ ವರ್ಣಚಿತ್ರವು ರಾಫೇಲನ ಕೃತಿಗಳಲ್ಲಿಲ್ಲ. ಅವನ ಕಲ್ಪನೆಯು ಲೋಕಕ್ಕೆ ಪರಿಚಿತವಾದುದು ಕೆತ್ತನೆಯಿಂದಲೇ. ಫ್ರಾನ್ಸಿನ ಮಾನೆ ಎಂಬ ಚಿತ್ರಕಾರನು 1863ರಲ್ಲಿ ಪ್ರದರ್ಶಿಸಿದ ‘ಹುಲ್ಲಿನ ಮೇಲಿನ ಊಟ’ದಲ್ಲಿ ಕುಳಿತವರ ಭಂಗಿಗಳನ್ನು ಈ ಕೆತ್ತನೆಯ ನದೀದೇವತೆಗಳ ಗುಂಪಿನಿಂದಲೇ ತೆಗೆದುಕೊಂಡನು.

ಹಾಲೆಂಡಿನ ಹಾರ್ಲೆಮ್ ನಗರದಲ್ಲಿ ಈ ಕಲೆಯನ್ನು ಪರಾಕಾಷ್ಠೆಗೆ ಒಯ್ದವನು ಹೆಂಡ್ರಿಕ್ ಗೋಲ್ಟ್‌ಸಿಯಸ್ (1558–1617). ಶೈಶವದಲ್ಲಿ ಬೆಂಕಿಗೆ ಸಿಕ್ಕಿ ಅವನ ಬಲಗೈ ಸೊಟ್ಟಾಗಿದ್ದಿತು. ಆ ಕೈಯಿಂದಲೇ ಅವನು ಉಳಿ ಹಿಡಿದನು. ಕಾರ್ನೆಲಿಸ್ ಎಂಬ ಚಿತ್ರಕಾರನ ಕಲ್ಪನೆಯನ್ನು ಅನುಸರಿಸಿ 1588ರಲ್ಲಿ ಅವನು ಟಾಂಟಲಸ್, ಇಕಾರಸ್, ಫೇಥಾನ್, ಇಕ್ಸಿಯಾನ್ ಎಂಬ ನಾಲ್ವರ ಪತನವನ್ನು ನಾಲ್ಕು ವೃತ್ತಾಕಾರದ ಚಿತ್ರಗಳಲ್ಲಿ ಕೆತ್ತಿದನು. ಇವುಗಳಲ್ಲಿ ಬಣ್ಣವಿಲ್ಲ, ಉಬ್ಬಿ ಕುಗ್ಗುವ ಗೆರೆಗಳೇ ಬೀಳುವ ದೇಹದ ಭಾರವನ್ನೂ ನೆರಳನ್ನೂ ಮೂಡಿಸಿವೆ. ಕಲ್ಪನೆ ಕಾರ್ನೆಲಿಸನದಾದರೂ, ಈ ಗುಣವು ಕೆತ್ತಿದವನ ಕೈಯದು.

ಓವಿಡ್ ಕವಿಯ ‘ಮೆಟಮಾರ್ಫೊಸಿಸ್’ ಕಾವ್ಯಕ್ಕಾಗಿ ಇದೇ ಗೋಲ್ಟ್‌ಸಿಯಸನು ಚಿತ್ರಗಳನ್ನು ಕಲ್ಪಿಸಿದನು. ಸುಮಾರು 1589ರಿಂದ 1615ರ ವರೆಗೆ ಇವು 52 ಫಲಕಗಳಾಗಿ ಹೊರಬಂದುವು. ಇವನ್ನು ಕೆತ್ತಿದವರು ಇತರರು. ಆ ಫಲಕಗಳು ಗೋಲ್ಟ್‌ಸಿಯಸನ ಹೆಸರಿನಿಂದಲೇ ಪ್ರಸಿದ್ಧವಾಗಿವೆ, ಕೆತ್ತಿದವರು ಅನಾಮಧೇಯರಾಗಿಯೇ ಉಳಿದರು. ಕೆತ್ತನೆಗಾರನಾಗಿ ಪರರ ಕಲ್ಪನೆಗೆ ರೂಪವಿತ್ತವನು ಕಲ್ಪಕನಾದಾಗ, ಅವನ ಕೀರ್ತಿಯೂ ಇತರರ ಕೈಗಳ ಶ್ರಮವನ್ನು ಮರೆಮಾಡಿತು. ಆದುದರಿಂದ ಇಂತಹ ಚಿತ್ರಗಳನ್ನು ಕಾವ್ಯಪಾಠಕ್ಕೆ ಬಳಸುವವರು ಕಥೆಯೊಡನೆ ಗೆರೆಯನ್ನೂ ನೋಡುವುದು ಯುಕ್ತ.